ಸುಗಲಾಬಾಯಿ ಬರೆಸಿದ ಎರಡನೆಯ ಫಾಲ್ಟು

ಬಾಯಿ ಮುಚ್ಚಿಕೊಂಡು ಕೂರುವುದು ನನ್ನ ಜಾಯಮಾನವಲ್ಲ. ಇಪ್ಪತ್ತಾರು ವರ್ಷ ಮಹಾರಾಷ್ಟ್ರದ ಗಡಿಯೊಳಗಿನ ಮೈಂದರ್ಗಿಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿದವಳು ನಾನು, ಗುರಮ್ಮ. ಹೆಡ್‌ಮಾಸ್ತರರಿಗೂ ಅಂಜಿದವಳಲ್ಲ, ಬಸ್ಸಿನ ಕಂಡಕ್ಟರನಿಗೂ ಅಂಜಿದವಳಲ್ಲ. ಇಂಥ ನನ್ನನ್ನು ಸೋಲಾಪುರದ ಒಂದು ತಗಡಿನ ಶೆಡ್ಡಿನಲ್ಲಿ ನಲವತ್ತು ನಿಮಿಷ ತುಟಿ ಪಿಟಕ್ಕೆನ್ನದಂತೆ ಕೂರಿಸಿದವಳು ನಮ್ಮ ಓಣಿಯ ಸುಗಲಾಬಾಯಿ. ಅದೂ ಒಂದು ಕಾರಿನ ಗಾಜು ಒರೆಸುವ ವೈಪರಿಗಾಗಿ.

ಸುಗಲಾಬಾಯಿಯ ತವರು ವಾಗದರಿ. ಕುರಿ ಸಾಕುವ ಮನೆತನ. ಅವರಪ್ಪನಿಗೆ ಇನ್ನೂರು ಕುರಿ, ಕುರುಬರ ದೇವರು ಬೀರೋಬಾನ ಮೇಲೆ ಅಪಾರ ಭಕ್ತಿ, ಶಾಲೆಯ ಮೇಲೆ ಅಷ್ಟೇ ಅಪನಂಬಿಕೆ. ನಾಲ್ಕನೆಯ ಇಯತ್ತೆ ಮುಗಿಯುತ್ತಲೇ ಅವಳ ಕೈಯಿಂದ ಪಾಟಿ ಹೋಗಿ ಕೋಲು ಬಂತು. ಮದುವೆಯಾಗಿ ಮೈಂದರ್ಗಿಗೆ ಬಂದಳು. ಗಂಡ ಕಾಮಣ್ಣನದೂ ಕುರಿಯೇ. ದೀಪಾವಳಿ ಕಳೆಯಿತೆಂದರೆ ಅವನು ಮಂದೆ ಹೊಡೆದುಕೊಂಡು ಊರೂರು ಅಲೆಯುವವನು, ಮನೆಗೆ ಬರುವುದು ಮತ್ತೆ ಮಳೆ ಬಿದ್ದಾಗ. ಒಬ್ಬಳೇ ಮನೆಯಲ್ಲಿ ಕೂತು ಗೋಡೆ ನೋಡುವುದು ಅವಳಿಗೆ ಆಗಲಿಲ್ಲ. ಹತ್ತಿರದ ಸಕ್ಕರೆ ಕಾರ್ಖಾನೆಯ ಗಾಡಿ ರಿಪೇರಿ ಶೆಡ್ಡಿನಲ್ಲಿ ಕಸ ಗುಡಿಸುವ ಕೆಲಸಕ್ಕೆ ಸೇರಿದಳು.

ಅಲ್ಲಿ ಸಾತಲಿಂಗಪ್ಪ ಎಂಬ ಇಲೆಕ್ಟ್ರಿಶಿಯನ್ ಇದ್ದರು. ಕಬ್ಬಿನ ಟ್ರ್ಯಾಕ್ಟರು, ಜೀಪು, ಸಾಹೇಬರ ಕಾರು, ಎಲ್ಲದರ ವೈರಿಂಗೂ ಅವರದೇ. ಕೆಲಸದಲ್ಲಿ ಹುಲಿ. ಆದರೆ ಹುಲಿಗೆ ಕೆಂಪು, ಹಸಿರು ಎರಡೂ ಒಂದೇ ಬಣ್ಣವಾಗಿ ಕಾಣುತ್ತಿದ್ದವು. ನೌಕರಿ ಹೋದೀತೆಂದು ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಒಂದು ದಿನ ಬಾನೆಟ್ಟಿನೊಳಗೆ ತಲೆ ಹಾಕಿದ್ದವರು, ಕಸಬರಿಗೆ ಹಿಡಿದು ನಿಂತಿದ್ದ ಇವಳನ್ನು ಮೆಲ್ಲಗೆ ಕರೆದರು.

“ಸುಗಲಾ, ಇದರಾಗ ಕೆಂಪಂದು ಯಾವುದವ್ವಾ?”

“ನಿಮ್ಮ ಕೈಯಾಗ ಹಿಡಿದೀರಲ್ಲ, ಅದರಿ. ಯಾಕ್ರಿ ಕಾಕಾ, ಕಾಣವಲ್ದೇನ್ರಿ?”

“ಕಾಣ್ತದ. ನಿನಗ ಕಾಣ್ತದೋ ಇಲ್ಲೋ ನೋಡಿದೆ.”

ಅವಳು ಕುರಿ ಕಾಯ್ದವಳು. ಬಾಯಿಲ್ಲದ ಪ್ರಾಣಿಗೆ ಎಲ್ಲಿ ನೋವಿದೆ ಎಂದು ನೋಡಿಯೇ ತಿಳಿದುಕೊಳ್ಳುವವಳು. ಬಾಯಿದ್ದೂ ಸುಳ್ಳು ಹೇಳುವ ಮುದುಕನ ನೋವು ತಿಳಿಯಲು ಅವಳಿಗೆ ಅರೆಗಳಿಗೆ ಸಾಕಾಯಿತು. ತಿಳಿದರೂ ಯಾರಿಗೂ ಹೇಳಲಿಲ್ಲ. ಅಂದಿನಿಂದ ಕಸಬರಿಗೆ ಮೂಲೆ ಸೇರಿತು. ಅವಳು ಬಣ್ಣ ಹೇಳುವುದು, ಅವರು ಕೆಲಸ ಹೇಳಿಕೊಡುವುದು. ಒಂಬತ್ತು ವರ್ಷ ಹೀಗೇ ನಡೆಯಿತು. ಬಣ್ಣ ನಂಬಲಾಗದ ಸಾತಲಿಂಗಪ್ಪನವರು ನಂಬಿದ್ದು ಟೆಸ್ಟ್ ಲ್ಯಾಂಪನ್ನು. ಸಣ್ಣ ಬಲ್ಬು, ಅದರಿಂದ ಹೊರಟ ಎರಡು ವೈರು, ಒಂದರ ತುದಿಗೆ ಸೂಜಿ, ಇನ್ನೊಂದರ ತುದಿಗೆ ಚಿಮಟ. ಕರೆಂಟಿದ್ದರೆ ಬಲ್ಬು ಹತ್ತುತ್ತದೆ, ಇಲ್ಲದಿದ್ದರೆ ಇಲ್ಲ. “ಹತ್ತೇದೋ ಇಲ್ಲೋ ಅಂತ ನೋಡೋದು ಯಾರಿಗಾದ್ರೂ ಬರ್ತದ. ಎಷ್ಟು ಹತ್ತೇದ ಅಂತ ನೋಡಬೇಕು,” ಎನ್ನುವುದು ಅವರ ಪಾಠ.

ಸಾತಲಿಂಗಪ್ಪನವರು ನಿವೃತ್ತರಾಗಿ ಹನ್ನೊಂದು ವರ್ಷವಾಯಿತು. ಅಂದಿನಿಂದ ಆ ಶೆಡ್ಡಿನ ಅಷ್ಟೂ ವೈರಿಂಗು ಸುಗಲಾಬಾಯಿಯ ಕೈಯಲ್ಲಿದೆ. ರಿಜಿಸ್ಟರಿನಲ್ಲಿ ಮಾತ್ರ ಅವಳು ‘ಹೆಲ್ಪರ್’. ಯಾರ ಹೆಲ್ಪರ್ ಎಂದು ಅದರಲ್ಲಿ ಬರೆದಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ಮಾತನ್ನು ನಾನು ಮಕ್ಕಳಿಗೆ ಪ್ರತಿ ವರ್ಷ ವಿವರಿಸುತ್ತೇನೆ. ಉದಾಹರಣೆಯೊಂದು ಪಕ್ಕದ ಮನೆಯಲ್ಲೇ ಸೀರೆಯ ಸೆರಗಿಗೆ ಗ್ರೀಸು ಒರೆಸಿಕೊಂಡು ಓಡಾಡುತ್ತಿತ್ತು.

ಹೋದ ವರ್ಷ ಆ ಕಾರ್ಖಾನೆಯವರು ಇಲೆಕ್ಟ್ರಿಶಿಯನ್ ಹುದ್ದೆಯನ್ನು ಖಾಯಂ ಮಾಡುತ್ತೇವೆ ಎಂದು ನೋಟಿಸು ಹಚ್ಚಿದರು. ಷರತ್ತು ಎರಡು. ಕೈಯಲ್ಲಿ ಸರಕಾರಿ ಸರ್ಟಿಫಿಕೇಟು ಇರಬೇಕು, ವಯಸ್ಸು ನಲವತ್ತೈದು ತುಂಬಿರಬಾರದು. ಸುಗಲಾಬಾಯಿಗೆ ನವೆಂಬರ್ ಇಪ್ಪತ್ತೆಂಟಕ್ಕೆ ನಲವತ್ತೈದು ತುಂಬುತ್ತಿತ್ತು. ಶಾಲೆಗೆ ಹೋಗದೆ ಕೆಲಸ ಕಲಿತವರಿಗೆ ಸರ್ಟಿಫಿಕೇಟು ಕೊಡುವ ಪರೀಕ್ಷೆಯೊಂದು ಸೋಲಾಪುರದಲ್ಲಿ ನಡೆಯುತ್ತದೆ, ವರ್ಷಕ್ಕೆ ಎರಡು ಸಲ. ಒಂದು ಅಕ್ಟೋಬರಿನಲ್ಲಿ, ಇನ್ನೊಂದು ಮೇ ತಿಂಗಳಲ್ಲಿ. ಅಂದರೆ ಅವಳ ಪಾಲಿಗೆ ಇದ್ದದ್ದು ಒಂದೇ ಸಲ.

ಶೆಡ್ಡಿನ ಫೋರ್‌ಮನ್ ಅಡ್ಡಗೋಡೆಯ ಮೇಲೆ ದೀಪ ಇಡುವ ಮನುಷ್ಯನಲ್ಲ. ನೇರ ಹೇಳಿಬಿಟ್ಟ. “ಕಾಗದ ತಂದ್ರ ಹುದ್ದಿ ನಿಂದು ಬಾಯಿ. ತರಲಿಲ್ಲ ಅಂದ್ರ ಹೊರಗಿನವ ಒಬ್ಬ ಬರ್ತಾನ, ನೀ ಅವನ ಕೈಕೆಳಗ ಹೆಲ್ಪರ್.”

ಆ ಸಂಜೆ ಅವಳು ನಮ್ಮ ಮನೆಗೆ ಬಂದಳು. ಬಾಗಿಲ ಹತ್ತಿರ ನಿಂತೇ ಮಾತಾಡಿದಳು.

“ಅಕ್ಕೋರ, ಪರೀಕ್ಷಾದಾಗ ಗಾಡಿ ನೋಡೋದು, ಏನ್ ಕೆಟ್ಟದ ಅಂತ ಮರಾಠಿ ಒಳಗ ಬರೆದು ಕೊಡೋದು. ಬರೀಲಿಕ್ಕ ಬರದವರು ಒಬ್ಬರನ್ನ ಕರಕೊಂಡು ಬರಬಹುದಂತ. ಕೈ ನಂದು, ಅಕ್ಷರ ನಿಮ್ಮವು. ಬರ್ತೀರೇನ್ರಿ?”

“ಬರ್ತೀನಿ. ಅದಕ್ಕೇನು ಮುಖ ಸಣ್ಣ ಮಾಡ್ತಿ? ಒಳಗ ಬಾ ಮೊದಲ,” ಎಂದೆ.

“ಒಂದು ಮಾತದರಿ. ಬರಿಯೋರು ಮಾತಾಡಂಗಿಲ್ಲಂತ.”

ನಮ್ಮ ಮನೆಯವರು ಒಳಗಿನಿಂದಲೇ ದೊಡ್ಡದಾಗಿ ನಕ್ಕರು. ನಾನು ಆ ನಗುವನ್ನು ಇನ್ನೂ ಮರೆತಿಲ್ಲ, ಅವರಿಗೆ ಮರೆಯಲು ಬಿಟ್ಟೂ ಇಲ್ಲ.

ದಸರೆ ಮುಗಿದು ಹತ್ತು ದಿನಕ್ಕೆ ಪರೀಕ್ಷೆ. ಮೈಂದರ್ಗಿಯಿಂದ ಅಕ್ಕಲಕೋಟೆಗೆ ಒಂದು ಬಸ್ಸು, ಅಲ್ಲಿಂದ ಸೋಲಾಪುರಕ್ಕೆ ಇನ್ನೊಂದು. ಸುಗಲಾಬಾಯಿಯ ಬಟ್ಟೆಯ ಚೀಲದಲ್ಲಿ ಟೆಸ್ಟ್ ಲ್ಯಾಂಪು, ನೀರಿನ ಬಾಟಲಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ. ಹಣೆಗೆ ಬೀರೋಬಾನ ಭಂಡಾರ, ಅಂದರೆ ಗುಡಿಯ ಅರಿಶಿನ ಪುಡಿ. ದಾರಿಯುದ್ದಕ್ಕೂ ಅವಳು ಕಿಟಕಿಯ ಹೊರಗೆ ನೋಡುತ್ತ ಕೂತಳು. ನಾನು ಅಕ್ಕಲಕೋಟೆಯ ತನಕ ಧೈರ್ಯ ಹೇಳಿದೆ, ಅಲ್ಲಿಂದ ಮುಂದೆ ಅವಳ ರೊಟ್ಟಿ ಮುರಿದು ತಿಂದೆ.

ಪರೀಕ್ಷೆ ನಡೆಯುವ ತರಬೇತಿ ಕೇಂದ್ರದ ಶೆಡ್ಡಿನ ನಡುವೆ ಹಳೆಯ ಬಿಳಿ ಕಾರೊಂದು ನಿಂತಿತ್ತು. ಎಲ್ಲಿಗೂ ಹೋಗದ ಕಾರು, ಪಾಠಕ್ಕೆಂದೇ ಇಟ್ಟದ್ದು. ಖಂಡೇನವಮಿಯ ಆಯುಧಪೂಜೆಯ ಚೆಂಡುಹೂವಿನ ಮಾಲೆ ಅದರ ಕನ್ನಡಿಗೆ ಒಣಗಿ ನೇತಾಡುತ್ತಿತ್ತು, ಬಾನೆಟ್ಟಿನ ಮೇಲೆ ಅರಿಶಿನ ಕುಂಕುಮದ ಬೊಟ್ಟು. ನಮಗಿಂತ ಮೊದಲು ಆರು ಮಂದಿ ಗಂಡಸರು ಪರೀಕ್ಷೆ ಮುಗಿಸಿ ಬೇವಿನ ಮರದ ಕೆಳಗೆ ನಿಂತಿದ್ದರು. ಸೀರೆ ಉಟ್ಟವಳೊಬ್ಬಳು ಕಾರಿನ ಕಡೆ ನಡೆದದ್ದು ಕಂಡು ಅವರಲ್ಲಿ ಒಬ್ಬನಿಗೆ ನಗು ತಡೆಯಲಾಗಲಿಲ್ಲ. ಅವನ ಮುಖಲಕ್ಷಣ ನೋಡಿ ನನ್ನ ನಾಲಿಗೆ ತುರಿಸಿತು. ಆದರೆ ಬಾಗಿಲು ದಾಟಿ ಆಗಿತ್ತು. ನುಂಗಿಕೊಂಡೆ.

ಪರೀಕ್ಷಕರ ಹೆಸರು ಶೈಲೇಶ. ನಲವತ್ತೆಂಟರ ಆಸುಪಾಸು, ಇಸ್ತ್ರಿ ಮಾಡಿದ ಬಿಳಿ ಅಂಗಿ, ದಪ್ಪ ಮೀಸೆ. ಕೆಟ್ಟ ಮನುಷ್ಯನಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಮಾತಾಡಿದ್ದು ಮರಾಠಿ. ಸುಗಲಾ ಉತ್ತರ ಕೊಟ್ಟದ್ದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ. ಸೋಲಾಪುರದಲ್ಲಿ ಅದು ಎಲ್ಲರಿಗೂ ತಿಳಿಯುತ್ತದೆ.

“ವೈಪರು ಮತ್ತು ಗಾಜಿಗೆ ನೀರು ಹೊಡೆಯುವ ವಾಷರು, ಇವೆರಡರ ಸ್ವಿಚ್ಚಿನ ಸರ್ಕಿಟ್ಟು ಪೂರ್ತಿ ಪರೀಕ್ಷಿಸಬೇಕು,” ಎಂದರು ಶೈಲೇಶ ಸರ್. “ನಲವತ್ತು ನಿಮಿಷ. ರಿಪೇರಿ ಮಾಡುವಂತಿಲ್ಲ, ಹೊಸ ವೈರು ಜೋಡಿಸುವಂತಿಲ್ಲ. ಏನು ಕೆಟ್ಟಿದೆ ಎಂದು ಕಂಡುಹಿಡಿದು ಬರೆಸಬೇಕು ಅಷ್ಟೇ. ಕೆಟ್ಟದ್ದನ್ನು ಕಂಡುಹಿಡಿಯದಿದ್ದರೆ ಫೇಲ್. ಸರಿ ಇರುವುದನ್ನು ಕೆಟ್ಟಿದೆ ಎಂದು ಬರೆದರೂ ಫೇಲ್.”

ಆಮೇಲೆ ನನ್ನ ಕಡೆ ತಿರುಗಿ, “ಬಾಯಿ, ನೀವು ಅವರು ಹೇಳಿದ್ದನ್ನು ಮಾತ್ರ ಬರೆಯಬೇಕು. ಒಂದು ಮಾತಾಡಿದರೂ ಇಬ್ಬರನ್ನೂ ಹೊರಗೆ ಕಳಿಸುತ್ತೇನೆ,” ಎಂದರು. ನಾನು ತಲೆಯಾಡಿಸಿದೆ. ಸ್ಟೂಲಿನ ಮೇಲೆ ಕೂತು ಪೆನ್ನು ಹಿಡಿದೆ.

ಸುಗಲಾ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲು ಬ್ಯಾಟರಿಗೆ ಲ್ಯಾಂಪು ಹಚ್ಚಿ ನೋಡಿದಳು, ಆಮೇಲೆ ಫ್ಯೂಜಿನ ಈಚೆ ಒಮ್ಮೆ, ಆಚೆ ಒಮ್ಮೆ. ಎರಡೂ ಕಡೆ ಬಲ್ಬು ಕಣ್ಣು ಕೋರೈಸುವಂತೆ ಹತ್ತಿತು. ಕಾರಿನೊಳಗೆ ಕೂತು ಸ್ಟಿಯರಿಂಗಿನ ಪಕ್ಕದ ಕಡ್ಡಿಯನ್ನು ಒಂದು ಮನೆ, ಅಂದರೆ ಒಂದು ಹಂತ, ಇಳಿಸಿದಳು. ವೈಪರು ಅಲುಗಲಿಲ್ಲ. ಎರಡು ಮನೆ ಇಳಿಸಿದಳು. ವೈಪರು ಭರಭರ ಓಡಿತು. ಜೋರಾಗಿ ಓಡುತ್ತದೆ, ನಿಧಾನಕ್ಕೆ ಓಡುವುದಿಲ್ಲ. ನಮ್ಮ ಮನೆಯವರು ಸ್ಕೂಟರ್ ಹೊಡೆಯುವುದೂ ಹಾಗೆಯೇ.

ಅವಳು ಸ್ವಿಚ್ಚಿನ ಕೆಳಗಿನ ಕವಚ ಬಿಚ್ಚಿದಳು. ಎಲ್ಲ ವೈರುಗಳೂ ಬಂದು ಕೂಡುವ ಪ್ಲಾಸ್ಟಿಕ್ ಡಬ್ಬಿ ಒಂದಿತ್ತು, ಕಪ್ಲರ್ ಎನ್ನುತ್ತಾರಂತೆ. ಅದರ ಒಂದೊಂದು ವೈರಿಗೂ ಸೂಜಿ ಚುಚ್ಚಿ, ಒಂದೊಂದು ಸಲವೂ ಕಡ್ಡಿ ಸರಿಸಿ ನೋಡಿದಳು. ಸ್ವಿಚ್ಚು ಸರಿಯಾಗೇ ಕರೆಂಟು ಕೊಡುತ್ತಿತ್ತು, ಆದರೆ ನಿಧಾನದ ವೈರಿಗೆ ಅದು ದಾಟುತ್ತಿರಲಿಲ್ಲ. ಕಪ್ಲರಿನೊಳಗೆ ಇಣುಕಿದಳು. ಆ ವೈರಿನ ತುದಿಯ ಪಿನ್ನನ್ನು ಯಾರೋ ಬೇಕೆಂತಲೇ ಹಿಂದಕ್ಕೆ ತಳ್ಳಿದ್ದರು.

“ಬರಿರಿ ಅಕ್ಕೋರ,” ಎಂದಳು. “ಸ್ವಿಚ್ಚಿನ ಕಪ್ಲರಿನ್ಯಾಗ ಸ್ಲೋ ಸ್ಪೀಡಿನ ಪಿನ್ನು ಹಿಂದ ಸರದದ. ಅದಕ್ಕ ವೈಪರು ಸ್ಲೋ ಓಡವಲ್ದು.”

ಮರಾಠಿಯಲ್ಲಿ ದುಂಡಗೆ ಬರೆದೆ. ಗಡಿಯಾರ ನೋಡಿದರೆ ಹದಿಮೂರು ನಿಮಿಷವಾಗಿತ್ತು. ಶೈಲೇಶ ಸರ್ ಮೀಸೆಯೊಳಗೇ ಸ್ವಲ್ಪ ನಕ್ಕಿದ್ದು ನನಗೆ ಕಂಡಿತು. ಗೆದ್ದೆವು ಎಂದುಕೊಂಡೆ. ಬಸ್ ಸ್ಟ್ಯಾಂಡಿನಲ್ಲಿ ಚಹಾ ಕುಡಿಯುವುದೋ ಕಬ್ಬಿನ ಹಾಲು ಕುಡಿಯುವುದೋ ಎಂದು ಯೋಚನೆ ಕೂಡ ಮಾಡಿದೆ.

ಆದರೆ ಸುಗಲಾ ಇಳಿಯಲಿಲ್ಲ. ವೈಪರು ನಡುನಡುವೆ ನಿಂತು ಓಡುವ ಮನೆಗೆ ಕಡ್ಡಿ ಸರಿಸಿ ನೋಡಿದಳು, ಸರಿ ಇತ್ತು. ಕಡ್ಡಿಯನ್ನು ತನ್ನ ಕಡೆ ಎಳೆದಳು. ಅದು ವಾಷರಿನದು. ಬಾನೆಟ್ಟಿನೊಳಗಿಂದ ಸೊಳ್ಳೆ ಗುಂಯ್‌ಗುಟ್ಟಿದಷ್ಟು ಸದ್ದು ಬಂತು. ಅವಳ ಹುಬ್ಬು ಗಂಟಾಯಿತು. ಕೆಳಗಿಳಿದು ನೀರಿನ ಡಬ್ಬಿಯ ಬುಡದಲ್ಲಿದ್ದ ಪುಟ್ಟ ಮೋಟಾರಿಗೆ ಲ್ಯಾಂಪು ಹಚ್ಚಿದಳು. ಡಬ್ಬಿ ಒಣಗಿತ್ತು, ಅದರಲ್ಲಿ ನೀರು ಹಾಕಿ ಎಷ್ಟು ಕಾಲವಾಗಿತ್ತೋ. ಶೆಡ್ಡಿನಲ್ಲಿ ನಿಂತಿದ್ದ ಕೇಂದ್ರದ ಸಿಬ್ಬಂದಿಯೊಬ್ಬನನ್ನು ಕಾರಿನೊಳಗೆ ಕೂರಿಸಿ ಕಡ್ಡಿ ಎಳೆದು ಹಿಡಿಯಲು ಹೇಳಿದಳು. ಬಲ್ಬು ಹತ್ತಿತು. ಹತ್ತಿತು, ಆದರೆ ಮಂಕು. ಚಿಮಟವನ್ನು ಮೋಟಾರಿನ ಅರ್ಥಿಂಗ್ ವೈರಿನಿಂದ ತೆಗೆದು ಕಾರಿನ ಬಾಡಿಗೆ ಹಚ್ಚಿದಳು. ಬಲ್ಬು ಝಗ್ ಎಂದಿತು. ಮತ್ತೆ ಅರ್ಥಿಂಗಿಗೆ ಹಚ್ಚಿದಳು, ಮಂಕು. ಕರೆಂಟು ಹೋದರೆ ಸಾಲದು, ಅದು ಬ್ಯಾಟರಿಗೆ ಮರಳಿ ಬರಬೇಕು. ಆ ಮರಳುವ ದಾರಿಯೇ ಅರ್ಥಿಂಗ್. ಇಷ್ಟನ್ನು ಅವಳು ನನಗೆ ಊರಿಗೆ ಮರಳುವಾಗ ಬಸ್ಸಿನಲ್ಲಿ ಹೇಳಿಕೊಟ್ಟಳು.

“ಬಾಯಿ,” ಎಂದರು ಶೈಲೇಶ ಸರ್, ದನಿ ತಗ್ಗಿಸಿ. “ನಿಮಗೆ ಸಿಗಬೇಕಾದದ್ದು ಸಿಕ್ಕಿದೆ. ಪೇಪರು ಕೊಟ್ಟುಬಿಡಿ.”

“ಇಲ್ಲೊಂದು ಅದರಿ ಸರ್. ಈ ಅರ್ಥಿಂಗ್ ಕೆಟ್ಟದ.”

ಅವರು ತಮ್ಮ ಹಳದಿ ಮೀಟರು ತಂದರು. ಅದರ ಒಂದು ಕಡ್ಡಿಯನ್ನು ಮೋಟಾರಿನ ಅರ್ಥಿಂಗಿಗೆ, ಇನ್ನೊಂದನ್ನು ಬಾಡಿಗೆ ಮುಟ್ಟಿಸಿದರು. ಮೀಟರು ಕುಂಯ್ ಎಂದು ಕೂಗಿತು.

“ಕೇಳಿದಿರಾ? ದಾರಿ ಸರಿ ಇದೆ ಎಂದು ಮೀಟರು ಹೇಳುತ್ತಿದೆ. ಬೆಳಗ್ಗೆ ನಾನೇ ನೋಡಿದ್ದೇನೆ. ಸರಿ ಇರುವುದನ್ನು ಕೆಟ್ಟಿದೆ ಎಂದು ಬರೆಸಿದರೆ ಏನಾಗುತ್ತದೆ ಎಂದು ಮೊದಲೇ ಹೇಳಿದ್ದೆ. ಆಮೇಲೆ ನನ್ನ ಕೈಯಲ್ಲಿ ಏನೂ ಇರುವುದಿಲ್ಲ.”

ಸುಗಲಾ ಬಗ್ಗಿ ಆ ಅರ್ಥಿಂಗ್ ವೈರು ಬಾಡಿಗೆ ಕೂತಿದ್ದ ಬೋಲ್ಟನ್ನು ನೋಡಿದಳು. ಬೆರಳಿನಿಂದ ಅದರ ಸುತ್ತ ಒರೆಸಿ, ಬೆರಳನ್ನು ಮೂಗಿನ ಹತ್ತಿರ ಹಿಡಿದಳು. ಆಮೇಲೆ ನೆಟ್ಟಗೆ ನಿಂತಳು.

“ಅಕ್ಕೋರ, ಬರಿರಿ. ಎರಡನೇ ಫಾಲ್ಟು. ವಾಷರ್ ಮೋಟಾರಿನ ಅರ್ಥಿಂಗ್ ಕೆಟ್ಟದ.”

ನಾನು ಬರೆಯಲಿಲ್ಲ. ಸುಳ್ಳು ಯಾಕೆ ಹೇಳಲಿ, ನನಗೆ ಅವಳ ಮೇಲೆ ಸಿಟ್ಟು ಬಂದಿತ್ತು. ಪಾಸಾಗಿ ಕೂತಿದ್ದೀ ಮಾರಾಯ್ತಿ, ಕೈಗೆ ಬಂದ ತುತ್ತು ಬಾಯಿಗೆ ಹೋಗಲು ಬಿಡು ಎಂದು ಕೂಗಬೇಕೆನಿಸಿತು. ಮೇ ತಿಂಗಳಲ್ಲಿ ನಿನಗೆ ಪರೀಕ್ಷೆ ಇಲ್ಲ, ಮುಂದಿನ ಹದಿನೈದು ವರ್ಷ ಯಾವನೋ ಹೊಸಬನಿಗೆ ಪಾನಾ ಎತ್ತಿಕೊಡುತ್ತ ನಿಲ್ಲುತ್ತೀಯಾ ಎಂದು ಕೇಳಬೇಕೆನಿಸಿತು. ಕೂಗುವಂತಿಲ್ಲ, ಕೇಳುವಂತಿಲ್ಲ. ಕಣ್ಣು ಅಗಲಿಸಿ, ಬೇಡ ಬೇಡ ಎಂದು ತಲೆ ಅಲ್ಲಾಡಿಸಿದೆ.

ಅವಳು ನನ್ನನ್ನು ಒಂದು ಗಳಿಗೆ ನೋಡಿದಳು. ಸಿಟ್ಟಿನಿಂದಲ್ಲ. “ನೀವು ಬರೀಲಿಕ್ಕ ಬಂದೀರಿ ಅಕ್ಕೋರ,” ಎಂದಳು. “ನೋಡೋದು ನನ್ನ ಕೆಲಸ.”

ಇಪ್ಪತ್ತಾರು ವರ್ಷದಲ್ಲಿ ನನಗೆ ಯಾರೂ ಹಾಗೆ ಹೇಳಿರಲಿಲ್ಲ. ಮುಖಕ್ಕೆ ರಪ್ಪನೆ ಬಡಿದಂತಾಯಿತು. ಬಡಿದದ್ದು ಸರಿಯಾಗೇ ಇತ್ತು. ನಾಲ್ಕನೆಯ ಇಯತ್ತೆ ಕಲಿತವಳೆಂದು ನಾನೂ ಅವಳನ್ನು ಒಳಗೊಳಗೇ ಹೆಲ್ಪರ್ ಎಂದೇ ತಿಳಿದಿದ್ದೆ, ಇಲ್ಲದಿದ್ದರೆ ಅವಳ ಕಣ್ಣಿಗಿಂತ ಮೀಟರಿನ ಕೂಗನ್ನು ನಂಬುತ್ತಿರಲಿಲ್ಲ. ಬರೆದೆ. ಅಕ್ಷರ ದುಂಡಗಾಗಲಿಲ್ಲ.

ಶೈಲೇಶ ಸರ್ ಪೇಪರು ತೆಗೆದುಕೊಂಡು ಓದಿದರು. ನಿಟ್ಟುಸಿರು ಬಿಟ್ಟು ಕಿಸೆಯಿಂದ ಕೆಂಪು ಪೆನ್ನು ತೆಗೆದರು. ಅವರಿಗೆ ನಿಜಕ್ಕೂ ಬೇಸರವಾಗಿತ್ತು.

“ಸರ್,” ಎಂದಳು ಸುಗಲಾ. “ಪೇಪರು ನಿಮ್ಮ ಕೈಗೆ ಬಂತು. ಅಂದ್ರ ಪರೀಕ್ಷಾ ಮುಗೀತು, ಹೌದಲ್ರಿ?”

“ಹೌದು.”

“ಮುಗದ ಮ್ಯಾಲ ವೈರು ಜೋಡಸಬಾರದು ಅಂತ ಏನರೆ ಅದೇನ್ರಿ?”

ಅವರು ಪೆನ್ನು ಹಿಡಿದು ಯೋಚಿಸಿದರು. ನಿಯಮದ ಮನುಷ್ಯನಿಗೆ ನಿಯಮ ಹುಡುಕಿದರೂ ಸಿಗಲಿಲ್ಲ. “ಇಲ್ಲ,” ಎಂದರು.

ಸುಗಲಾ ಚೀಲದಿಂದ ತನ್ನ ಬಾಟಲಿ ತೆಗೆದು, ಕುಡಿಯಲೆಂದು ಮೈಂದರ್ಗಿಯಿಂದ ತಂದ ನೀರನ್ನಷ್ಟೂ ವಾಷರಿನ ಡಬ್ಬಿಗೆ ಸುರಿದಳು. “ಅಕ್ಕೋರ, ಒಳಗ ಕೂಡ್ರಿ. ಆ ಕಡ್ಡಿ ನಿಮ್ಮ ಕಡೆ ಎಳೀರಿ,” ಎಂದಳು. ನಾನು ಡ್ರೈವರ್ ಸೀಟಿನಲ್ಲಿ ಕೂತು ಎಳೆದೆ. ಅದೇ ಸೊಳ್ಳೆಯ ಸದ್ದು. ಒಂದು ಹನಿ ನೀರು ಬರಲಿಲ್ಲ. ಮರದ ಕೆಳಗಿದ್ದ ಆರು ಮಂದಿಯೂ ಬಾಗಿಲಿಗೆ ಬಂದು ನಿಂತಿದ್ದರು.

“ನೀರು ಬರುವ ತೂತು ಕಟ್ಟಿರಬೇಕು,” ಎಂದು ಶೈಲೇಶ ಸರ್ ಗಾಜಿನ ಮುಂದೆ ಬಗ್ಗಿ ಬಾನೆಟ್ಟಿನ ಅಂಚು ನೋಡತೊಡಗಿದರು.

ಸುಗಲಾ ಅಲ್ಲೇ ಬಿದ್ದಿದ್ದ ವೈರಿನ ತುಂಡು ಎತ್ತಿಕೊಂಡಳು. ಒಂದು ತುದಿ ಬ್ಯಾಟರಿಯ ಮೈನಸಿಗೆ, ಇನ್ನೊಂದು ಮೋಟಾರಿನ ಅರ್ಥಿಂಗಿಗೆ ಮುಟ್ಟಿಸಿದಳು. ಕೆಟ್ಟ ದಾರಿ ಬಿಟ್ಟು ಕರೆಂಟಿಗೆ ಅಡ್ಡದಾರಿ ಮಾಡಿಕೊಟ್ಟಳು.

“ಎಳೀರಿ ಅಕ್ಕೋರ!”

ಎಳೆದೆ. ಮೋಟಾರು ಗರ್ ಎಂದಿತು. ಎರಡು ಕಾರಂಜಿ ಒಮ್ಮೆಲೇ ಜಿಗಿದವು. ಒಂದು ಗಾಜಿಗೆ ಬಡಿಯಿತು, ಇನ್ನೊಂದು ಶೈಲೇಶ ಸರ್‌ರ ಮೀಸೆಗೆ. ಮೀಸೆಯಿಂದ ಇಳಿದು ಇಸ್ತ್ರಿಯ ಅಂಗಿಗೆ. ನಾನು ಕಡ್ಡಿ ಬಿಡಬೇಕಿತ್ತು. ಬಿಡಲಿಲ್ಲ. ನಲವತ್ತು ನಿಮಿಷ ಮುಚ್ಚಿಟ್ಟ ಬಾಯಿ ಒಮ್ಮೆಲೇ ತೆರೆಯಿತು. “ಬಂತು! ಸುಗಲಾ, ನೀರು ಬಂತು! ಭಲೆ ನನ ಹುಲಿಯೇ!” ಎಂದು ನಾನು ಕೂಗಿದ ಕೂಗಿಗೆ ತಗಡಿನ ಮೇಲಿನ ಪಾರಿವಾಳಗಳು ಹಾರಿಹೋದವು. ಬಾಗಿಲಲ್ಲಿ ನಿಂತವರು ಚಪ್ಪಾಳೆ ಹೊಡೆದರು. ಮೊದಲು ನಕ್ಕಿದ್ದವನೇ ಎಲ್ಲರಿಗಿಂತ ಜೋರಾಗಿ ಹೊಡೆದ. ಅವನನ್ನು ಅಲ್ಲಿಗೆ ಕ್ಷಮಿಸಿದೆ.

ಶೈಲೇಶ ಸರ್ ಮುಖ ಒರೆಸಿಕೊಂಡರು. ತಾವೇ ಪಾನಾ ತಂದು ಆ ಅರ್ಥಿಂಗಿನ ಬೋಲ್ಟು ಬಿಚ್ಚಿದರು. ಅದರ ಕೆಳಗೆ ಹಸಿರು ಕಿಲುಬು, ತುಕ್ಕು, ನಡುವೆ ಅರಿಶಿನ ಕುಂಕುಮದ ಗಟ್ಟಿ ಪದರ.

“ಖಂಡೇನವಮಿಗೆ ಕಾಯಿ ಒಡದು ನೀರು ಬಾನೆಟ್ಟಿನ್ಯಾಗ ಚಿಮಕಸ್ತೀರಲ್ರಿ,” ಎಂದಳು ಸುಗಲಾ. “ಅದು ಅರಿಶಿಣ ಕುಂಕುಮ ತೊಳಕೊಂಡು ಇಲ್ಲೇ ಬಂದು ನಿಂದರ್ತದ. ನಮ್ಮಲ್ಲಿನೂ ಟ್ರ್ಯಾಕ್ಟರಿಗೆ ಹಿಡಿ ಹಿಡಿ ಭಂಡಾರ ಹಾರಸ್ತಾರ. ದಸರಾ ಆಗಿ ಎಂಟು ದಿನಕ್ಕ ಹತ್ತು ಗಾಡಿ ಬರ್ತಾವ, ಲೈಟು ಮಂಕಾಗ್ಯಾವ ಅಂತ. ನಾ ಬೋಲ್ಟ್ ಬಿಚ್ಚಿ ಭಂಡಾರ ಒರಸಿ ಕೊಡ್ತೀನಿ. ಮೀಟರಿಗೆ ಸ್ವಲ್ಪ ದಾರಿ ಇದ್ರ ಸಾಕು, ಕೂಗತದ. ಮೋಟಾರ್ ಓಡಲಿಕ್ಕ ದೊಡ್ಡ ದಾರಿ ಬೇಕು.”

ಅವರು ಬೋಲ್ಟನ್ನು ಅಂಗೈಯಲ್ಲಿ ಹಿಡಿದು ಉಗುರಿನಿಂದ ಕುಂಕುಮ ಕೆರೆದರು. “ಹನ್ನೆರಡು ವರ್ಷದಿಂದ ಈ ಗಾಡಿಯ ಪೂಜೆ ಮಾಡುತ್ತಿರುವವನು ನಾನೇ,” ಎಂದರು. ಆಮೇಲೆ ನಕ್ಕೇ ನಕ್ಕರು, ಒದ್ದೆ ಅಂಗಿಯಲ್ಲೇ ಸ್ಟೂಲಿನ ಮೇಲೆ ಕೂತು. ನಗು ಮುಗಿದ ಮೇಲೆ ಕೇಳಿದರು, “ಒಂದು ಫಾಲ್ಟು ಸಿಕ್ಕ ಮೇಲೂ ಯಾಕೆ ಹುಡುಕಿದಿರಿ? 'ಸಿಕ್ಕಿದೆ, ಪೇಪರು ಕೊಡಿ' ಎಂದು ನಾನೇ ಹೇಳಿದ್ದೆನಲ್ಲ?”

ಸುಗಲಾ ಕೈ ಒರೆಸಿಕೊಳ್ಳುತ್ತ ಹೇಳಿದಳು. “ನಾ ಸಣ್ಣಾಕಿ ಇದ್ದಾಗ ಒಂದು ಸಂಜಿಗೆ ಮರಿ ಒಂದು ಕಳದಿತ್ತುರಿ. ಹುಡುಕ್ಯಾಡಿ ಹಳ್ಳದಾಗ ಸಿಕ್ತು. ಖುಷಿ ಆಗಿ ಎತಗೊಂಡು ಬಂದೆ, ಕುರಿ ಹಟ್ಟಿಗೆ ಹೊಡದೆ, ಎಣಸಲಿಲ್ಲ. ಕಳದದ್ದು ಸಿಕ್ತಲ್ಲ, ಇನ್ನ ಯಾಕ ಎಣಸೋದು ಅಂದೆ. ಬೆಳಗಾದ್ರ ದೊಡ್ಡ ಕುರಿ ಒಂದು ಇಲ್ಲ. ತ್ವಾಳ ತಿಂದಿತ್ತು. ಅಪ್ಪ ಹೊಡೀಲಿಲ್ಲ ಬಡೀಲಿಲ್ಲ. ಸಿಕ್ಕದ್ದನ್ನ ನೋಡಿ ಎಣಿಕಿ ನಿಂದರಸಬ್ಯಾಡ ಅಂದ. ಆವತ್ತಿನಿಂದ ಕಡೀದರ ತನಕಾ ಮುಟ್ಟಿ ನೋಡದ ಬಿಡಂಗಿಲ್ಲರಿ ನಾ.”

ಶೈಲೇಶ ಸರ್ ಎದ್ದು ಟೇಬಲ್ಲಿನ ಕಡೆ ನಡೆದರು. ನಾವೂ ಹಿಂದೆಯೇ ಹೋದೆವು.

ಸರ್ಟಿಫಿಕೇಟು ನವೆಂಬರ್ ಹನ್ನೊಂದಕ್ಕೆ ಬಂತು. ಖಾಯಂ ಹುದ್ದೆಯ ಆರ್ಡರು ಹತ್ತೊಂಬತ್ತಕ್ಕೆ ಬಂತು, ಅವಳಿಗೆ ನಲವತ್ತೈದು ತುಂಬಲು ಇನ್ನೂ ಒಂಬತ್ತು ದಿನ ಇರುವಾಗಲೇ. ಕಾಮಣ್ಣ ಮಂದೆಯನ್ನು ತಮ್ಮನಿಗೆ ಒಪ್ಪಿಸಿ ಮಂದೆ ಇಳಿದಿದ್ದ ಮರವಡೆ ಊರಿನಿಂದ ಓಡಿ ಬಂದು ಓಣಿಗೆಲ್ಲ ಪೇಢೆ ಹಂಚಿದ. ಫೋರ್‌ಮನ್ ಮನೆಗೆ ಬಂದು ಕೈ ಮುಗಿದು ಹೋದ. ಎಲ್ಲವೂ ಆಯಿತು, ಎಲ್ಲವೂ ಚೆನ್ನಾಗಿತ್ತು. ಆದರೆ ನನ್ನ ಲೆಕ್ಕದಲ್ಲಿ ಅವಳು ಗೆದ್ದದ್ದು ಆ ದಿನವೇ, ಸೋಲಾಪುರದ ಆ ಶೆಡ್ಡಿನ ಟೇಬಲ್ಲಿನ ಮುಂದೆ.

ಅಂದು ಶೈಲೇಶ ಸರ್ ತಾವು ಮೊದಲೇ ಬರೆದಿಟ್ಟ ಸರಿಯುತ್ತರದ ಪತ್ರಿಕೆ ತೆಗೆದಿದ್ದರು. ಅದರಲ್ಲಿ ಒಂದೇ ಫಾಲ್ಟು ಇತ್ತು. ಅದರ ಕೆಳಗೆ ತಮ್ಮ ಕೈಯಾರೆ ಎರಡನೆಯದನ್ನು ಬರೆದು, ಬೋಲ್ಟನ್ನು ಕಾಗದದಲ್ಲಿ ಸುತ್ತಿ ಜೊತೆಗೆ ಪಿನ್ನು ಮಾಡಿದರು. ಆ ಪತ್ರಿಕೆ ತಿದ್ದಿದರೆ ತಪ್ಪು ತೋರಿಸಿದವರ ಹೆಸರು, ಹುದ್ದೆ, ಸಹಿ ಬೇಕಂತೆ. ಪೆನ್ನನ್ನು ಅಭ್ಯಾಸದಂತೆ ನನ್ನ ಕಡೆ ಚಾಚಿದರು. ನಾನು ಕೈ ಚಾಚುವ ಮೊದಲೇ ಸುಗಲಾ ಅದನ್ನು ತೆಗೆದುಕೊಂಡಳು.

ಟೇಬಲ್ಲಿನ ಮೇಲೆ ಬಗ್ಗಿ ಬರೆದಳು. ಒಂದೊಂದು ಅಕ್ಷರಕ್ಕೂ ನಿಂತು, ಒತ್ತಿ, ಮೂವತ್ತೈದು ವರ್ಷದ ಹಿಂದೆ ವಾಗದರಿಯ ಶಾಲೆಯಲ್ಲಿ ತಿದ್ದಿದ ಕನ್ನಡದಲ್ಲಿ. ಬರೆದು ಮುಗಿಸುವ ತನಕ ಯಾರೂ ಅವಸರ ಮಾಡಲಿಲ್ಲ. ಶೈಲೇಶ ಸರ್ ಕಾಗದವನ್ನು ತಿರುಗಿಸಿ ನೋಡಿದರು, ಅವರಿಗೆ ಕನ್ನಡ ಓದಲು ಬಾರದು. “ಏನು ಬರೆದಿದ್ದಾರೆ, ಓದಿ ಹೇಳಿ ಬಾಯಿ,” ಎಂದು ನನ್ನ ಕೈಗೆ ಕೊಟ್ಟರು.

ನನಗೆ ಕಣ್ಣು ತುಂಬಿ ಬಂದು ಸಾಲು ಕಾಣಲಿಲ್ಲ. ಸೆರಗಿನಿಂದ ಒರೆಸಿಕೊಂಡು, ತರಗತಿಯಲ್ಲಿ ಹಾಜರಿ ಕೂಗುವ ದನಿಯಲ್ಲಿ, ಬಾಗಿಲಲ್ಲಿದ್ದವರಿಗೂ ಕೇಳುವಂತೆ ಓದಿದೆ.

“ಸುಗಲಾಬಾಯಿ ಕಾಮಣ್ಣ ಪೂಜಾರಿ. ಇಲೆಕ್ಟ್ರಿಶಿಯನ್.”